ಕಷ್ಟ ಎಲ್ಲಾ ಒಟ್ಟಿಗೆ ಬಂದಾಗ ಯಾವುದನ್ನ ಮೊದಲು ಹಿಡ್ಕೋಬೇಕು?

ಕೆಲಸ ಹೋಯ್ತು, ಅದೇ ಹೊತ್ತಿಗೆ ಮನೇಲಿ ಒಬ್ಬರು ಆಸ್ಪತ್ರೆ ಸೇರಿದ್ರು, ಅದರ ನಡುವೆ ಗಂಡ ಹೆಂಡತಿ ಮಾತು ಬಿಟ್ರು, ಈ ಕಡೆ ಇಎಂಐ ಬೌನ್ಸ್ ಆಗಿದೆ ಅಂತ ಮೆಸೇಜು. ಒಂದೊಂದಾಗಿ ಬಂದಿದ್ರೆ ಹೇಗೋ ನಿಭಾಯಿಸ್ತಿದ್ವಿ ಅಂತ ಎಲ್ಲರೂ ಹೇಳ್ತಾರೆ. ಆದ್ರೆ ಇವು ಒಂದನ್ನೊಂದು ಎಳ್ಕೊಂಡೇ ಬರೋದು, ಕಾಯಿಲೆ ಆದ್ರೆ ರಜೆ, ರಜೆ ಜಾಸ್ತಿ ಆದ್ರೆ ಸಂಬಳ ಕಟ್, ಸಂಬಳ ಕಟ್ ಆದ್ರೆ ಸಾಲ, ಸಾಲ ಬೆಳೆದ್ರೆ ಮನೇಲಿ ಜಗಳ. ಇಂಥ ಹೊತ್ತಲ್ಲಿ ಜನ ಎಲ್ಲಿ ಎಡವ್ತಾರೆ ಅಂತ ಹತ್ತಿರದಿಂದ ನೋಡ್ತಾ ಬಂದಿದೀನಿ, ಹೆಚ್ಚಿನವರು ಎಡವೋದು ಒಂದೇ ಜಾಗದಲ್ಲಿ. ಯಾರು ಜೋರಾಗಿ ಕೂಗ್ತಾರೋ ಅವರಿಗೆ ಮೊದಲು ದುಡ್ಡು ಕೊಟ್ಬಿಡ್ತಾರೆ. ಬಾಡಿಗೆ, ಇನ್ಶೂರೆನ್ಸ್ ಪ್ರೀಮಿಯಂ, ದಿನಾ ತಗೊಳ್ಳೋ ಮಾತ್ರೆ ಇವ್ಯಾವೂ ಕೂಗಲ್ಲ, ಸುಮ್ನೆ ಒಂದಿನ ನಿಂತು ಹೋಗುತ್ತವೆ, ಆಮೇಲೆ ಅದರ ಏಟು ಎಲ್ಲಕ್ಕಿಂತ ದೊಡ್ಡದು. ಹಾಗಾಗಿ ಸದ್ದು ನೋಡಿ ಅಲ್ಲ, ಆಮೇಲೆ ಸರಿಮಾಡೋಕೆ ಆಗುತ್ತಾ ಇಲ್ವಾ ಅಂತ ನೋಡಿ ಕ್ರಮ ಹಾಕೋದು ಹೇಗೆ ಅಂತ ಇಲ್ಲಿ ಬರೀತಿದೀನಿ.

ಹಂತ 1: ಮೊದಲ ಮೂರು ದಿನ ಯಾವ ಸಹಿನೂ ಬೇಡ

ಜೀವ ಉಳಿಸೋ ಚಿಕಿತ್ಸೆಗೆ ಬೇಕಾದ ಸಹಿ ಬಿಟ್ಟು ಬೇರೆ ಎಲ್ಲಾ ನಿಲ್ಲಿಸಿ. ಹೊಸ ಸಾಲ, ಮನೆ ಮಾರೋ ಅಗ್ರಿಮೆಂಟು, ರಾಜೀನಾಮೆ ಪತ್ರ, ಡಿವೋರ್ಸ್ ಪೇಪರ್ರು, ಯಾವುದಕ್ಕೂ ಸಹಿ ಹಾಕ್ಬೇಡಿ. ಇದು ಬರೀ ಹೆದರಿಕೆ ಮಾತಲ್ಲ. ದುಡ್ಡಿನ ಚಿಂತೆ ತಲೇನ ಹೇಗೆ ತಿನ್ನುತ್ತೆ ಅಂತ 2013ರಲ್ಲಿ ಸೈನ್ಸ್ ಪತ್ರಿಕೇಲಿ ಒಂದು ಅಧ್ಯಯನ ಬಂತು. ತಮಿಳುನಾಡಿನ ಕಬ್ಬು ಬೆಳೆಗಾರರಿಗೆ ಕೊಯ್ಲಿಗೆ ಮುಂಚೆ ಕೈ ಖಾಲಿ ಇದ್ದಾಗ ಒಂದ್ಸಲ, ಕೊಯ್ಲು ಮುಗಿದು ಕೈಗೆ ದುಡ್ಡು ಬಂದ ಮೇಲೆ ಒಂದ್ಸಲ ಬುದ್ಧಿಪರೀಕ್ಷೆ ಕೊಟ್ರು, ಅದೇ ರೈತರು ಕೊಯ್ಲಿಗೆ ಮುಂಚೆ ಕಡಿಮೆ ಅಂಕ ತಗೊಂಡ್ರು. ಜನ ಅದೇ, ತಲೆ ಅದೇ, ಆದ್ರೆ ಅರ್ಧ ತಲೆ ಚಿಂತೇಲಿ ಮುಳುಗಿರುತ್ತೆ. ಹಾಗಾಗಿ ನನಗೆ ಏನೂ ಹೊಳೀತಿಲ್ಲ, ನಾನು ದಡ್ಡ ಅಂತ ನಿಮ್ಮನ್ನ ನೀವೇ ಬೈಕೋಬೇಡಿ, ದೊಡ್ಡ ನಿರ್ಧಾರ ಮಾತ್ರ ಸ್ವಲ್ಪ ದೂರ ಇಡಿ.

ಹಂತ 2: ಎಲ್ಲಾನೂ ಒಂದೇ ಪುಸ್ತಕದಲ್ಲಿ ಬರೀರಿ

ನೋಟ್‌ಬುಕ್ ಸಾಕು. ಆ್ಯಪ್ ಬೇಡ ಅಂತಲೇ ಹೇಳ್ತೀನಿ, ಯಾಕಂದ್ರೆ ಖರ್ಚಿನ ಲೆಕ್ಕ ಇಡೋ ಎಷ್ಟೋ ಆ್ಯಪ್‌ಗಳು ನಿಮ್ಮ ಮೆಸೇಜ್ ಎಲ್ಲಾ ಓದಿ, ಕೈ ಕಟ್ಟಿರೋ ಹೊತ್ತಲ್ಲೇ ಸಾಲ ಬೇಕಾ ಅಂತ ಕೇಳ್ತವೆ. ಯಾರಿಗೆ ಎಷ್ಟು, ಬಡ್ಡಿ ಎಷ್ಟು, ಯಾವ ತಾರೀಕು, ಜಾಮೀನು ಯಾರು, ಏನಾದ್ರೂ ಅಡ ಇಟ್ಟಿದೀರಾ ಇಷ್ಟು ಬರೀರಿ. ಅದೇ ಪುಸ್ತಕದ ಇನ್ನೊಂದು ಕಡೆಯಿಂದ ದುಡ್ಡಿಗೆ ಸಂಬಂಧ ಇಲ್ಲದ್ದು ಬರೀರಿ, ಡಾಕ್ಟರ್ ಅಪಾಯಿಂಟ್‌ಮೆಂಟು, ಮಕ್ಕಳ ಪರೀಕ್ಷೆ, ಕೋರ್ಟ್ ತಾರೀಕು, ಯಾರ ಹತ್ರ ಮಾತಾಡೋದು ಬಾಕಿ ಇದೆ ಅನ್ನೋದು. ಬಿಚ್ಚದೇ ಇಟ್ಟಿರೋ ಲಕೋಟೆಗಳನ್ನ ಬಿಚ್ಚಿ. ಒಬ್ಬರೇ ಕೂತು ಬಿಚ್ಚೋಕೆ ಧೈರ್ಯ ಬರ್ತಿಲ್ಲ ಅಂದ್ರೆ ಪಕ್ಕದಲ್ಲಿ ಒಬ್ಬರನ್ನ ಕೂರಿಸ್ಕೊಂಡು ಅವರ ಕೈಲಿ ಓದಿಸಿ.

ಹಂತ 3: ಕ್ರಮ ಹಾಕೋದು (ಕೆಡೋದು ಇಲ್ಲೇ)

ಇದಕ್ಕೆ ನಿಧಾನವಾಗಿ ಟೈಮ್ ಕೊಡಿ. ಪುಸ್ತಕದಲ್ಲಿರೋ ಒಂದೊಂದು ಸಾಲಿನ ಮುಂದೆನೂ ಎರಡು ಪ್ರಶ್ನೆ ಕೇಳಿ. ಇದನ್ನ ಒಂದು ತಿಂಗಳು ಬಿಟ್ರೆ ಏನಾಗುತ್ತೆ? ಆಗಿದ್ದನ್ನ ಆಮೇಲೆ ವಾಪಸ್ ಸರಿಮಾಡಬಹುದಾ? ಕಾಲ್ ಮಾಡಿ ಬೈತಾರೆ ಅನ್ನೋದು ಉತ್ತರ ಆದ್ರೆ ಅದು ಕೆಳಗೆ ಹೋಗ್ಬೇಕು. ಬೈಗುಳ ಕೇಳೋದು ಕಷ್ಟನೇ, ಆದ್ರೆ ಬೈಗುಳದಿಂದ ಮನೆ ಹೋಗಲ್ಲ.

ಎಲ್ಲಕ್ಕಿಂತ ಮೇಲೆ ಬರೋದು ತಲೆ ಮೇಲಿನ ಸೂರು, ಕರೆಂಟು, ನೀರು, ಊಟ, ನಿಲ್ಲಿಸಬಾರದ ಔಷಧಿ. ಅದರ ಜೊತೆಗೇ ಹೆಲ್ತ್ ಇನ್ಶೂರೆನ್ಸ್ ಪ್ರೀಮಿಯಂ ಇಡಿ, ಇದನ್ನ ಒತ್ತಿ ಹೇಳ್ತೀನಿ, ಯಾಕಂದ್ರೆ ಖರ್ಚು ಕಡಿಮೆ ಮಾಡೋಣ ಅಂತ ಕೂತವರು ಮೊದಲು ಕತ್ತರಿ ಹಾಕೋದೇ ಇದಕ್ಕೆ. ಪಾಲಿಸಿ ಒಂದ್ಸಲ ಲ್ಯಾಪ್ಸ್ ಆದ್ರೆ, ಈಗಾಗಲೇ ಕಾಯಿಲೆ ಇರೋವರಿಗೆ ಹೊಸದಾಗಿ ತಗೊಳ್ಳೋದು ತುಂಬಾ ಕಷ್ಟ. ಮನೇಲಿ ಯಾರಿಗೋ ಹುಷಾರಿಲ್ಲದ ತಿಂಗಳಲ್ಲೇ ಪಾಲಿಸಿ ನಿಲ್ಲಿಸೋದು ಅಂದ್ರೆ ನಿಂತಿರೋ ನೆಲಾನೇ ಕಿತ್ತು ಹಾಕಿದ ಹಾಗೆ. ಇನ್ನು ದುಡಿಯೋಕೆ ಬೇಕಾದ್ದು, ಗಾಡಿ, ಲ್ಯಾಪ್‌ಟಾಪು, ಫೋನು, ಇವೂ ಈ ಮೊದಲ ಗುಂಪಲ್ಲೇ ಬರುತ್ತವೆ. ಗಾಡಿ ಸೀಜ್ ಆದ್ರೆ ಸಂಪಾದನೆನೂ ಅದರ ಜೊತೆ ಹೋಯ್ತು.

ಎರಡನೇದು, ಅಡ ಇಟ್ಟು ತಗೊಂಡ ಸಾಲ, ಮತ್ತೆ ಬೇರೆಯವರು ಜಾಮೀನು ನಿಂತಿರೋ ಸಾಲ. ನೀವು ಕಟ್ಟಲಿಲ್ಲ ಅಂದ್ರೆ ಬ್ಯಾಂಕಿನವರು ಜಾಮೀನು ಹಾಕಿದವರ ಮನೆ ಬಾಗಿಲಿಗೆ ಹೋಗ್ತಾರೆ, ಆಮೇಲೆ ದುಡ್ಡಿನ ಜೊತೆ ಸಂಬಂಧಾನೂ ಹೋಗುತ್ತೆ. ಮೂರನೇದು ಬಡ್ಡಿ ಓಡ್ತಿರೋದು, ಮುಖ್ಯವಾಗಿ ಕ್ರೆಡಿಟ್ ಕಾರ್ಡು. ತಿಂಗಳಿಗೆ 3 ಪರ್ಸೆಂಟ್ ಅಂದ್ರೆ ಕೇಳೋಕೆ ಚಿಕ್ಕದು, ಆದ್ರೆ ಏನೂ ಕಟ್ಟದೇ ಬಿಟ್ರೆ ಚಕ್ರಬಡ್ಡಿ ಸೇರಿ 100 ಇದ್ದಿದ್ದು ವರ್ಷಕ್ಕೆ 142 ದಾಟುತ್ತೆ, ಎರಡು ವರ್ಷಕ್ಕೆ 203 ಆಗುತ್ತೆ, ಲೇಟ್ ಫೀ ಬಿಟ್ಟು. ಮಿನಿಮಮ್ ಡ್ಯೂ, ಅಂದ್ರೆ ಬಿಲ್ಲಲ್ಲಿ ಕನಿಷ್ಠ ಇಷ್ಟಾದ್ರೂ ಕಟ್ಟಿ ಅಂತ ಇರೋದು, ಕಟ್ತಿದೀನಲ್ಲ ಅಂತ ನೆಮ್ಮದಿಯಾಗಿರೋರನ್ನ ನೋಡಿದಾಗ ಸಂಕಟ ಆಗುತ್ತೆ, ಆ ದುಡ್ಡಲ್ಲಿ ಬಹುಪಾಲು ಬಡ್ಡಿಗೇ ಹೋಗೋದು, ಅಸಲು ಅಲ್ಲಾಡೋದೇ ಇಲ್ಲ. ಒಂದೆರಡು ತಿಂಗಳು ಗತಿ ಇಲ್ಲದೇ ಮಿನಿಮಮ್ ಕಟ್ಟಿ, ತಪ್ಪಲ್ಲ, ಆದ್ರೆ ಅದನ್ನೇ ಪ್ಲಾನ್ ಅಂತ ಅನ್ಕೋಬೇಡಿ. ಕೈಗೆ ಸ್ವಲ್ಪ ಹೆಚ್ಚು ದುಡ್ಡು ಬಂದಾಗ ಜಾಸ್ತಿ ಬಡ್ಡಿ ಇರೋದನ್ನೇ ಮೊದಲು ತೀರಿಸಿ. ಚಿಕ್ಕ ಸಾಲ ಮುಗಿಸಿದ್ರೆ ಮನಸ್ಸಿಗೆ ಹುರುಪು ಬರುತ್ತೆ ಅಂತ ಕೆಲವರು ಹೇಳ್ತಾರೆ, ಬರುತ್ತೆ ನಿಜ, ಆದ್ರೂ ಕೈ ಇಷ್ಟು ಬಿಗಿ ಇರೋವಾಗ ನಾನು ಬಡ್ಡಿ ಕಡೆಗೇ.

ಕೊನೇಗೆ ಸ್ನೇಹಿತರು, ನೆಂಟರು ಕೊಟ್ಟ ಕೈಗಡ. ದುಡ್ಡು ಕೊಡೋದ್ರಲ್ಲಿ ಇವರು ಕೊನೆ, ಆದ್ರೆ ಮಾತಾಡೋದ್ರಲ್ಲಿ ಇವರೇ ಮೊದಲು. ಈಗ ಆಗಲ್ಲ, ಆರು ತಿಂಗಳು ಬಿಟ್ಟು ಶುರು ಮಾಡ್ತೀನಿ ಅಂತ ಎದುರಿಗೆ ಹೋಗಿ ಹೇಳಿ. ದುಡ್ಡು ತಡ ಆಗಿದ್ದಕ್ಕಿಂತ ಫೋನ್ ಎತ್ತದೇ ಇರೋದಕ್ಕೆ ಜನ ಜಾಸ್ತಿ ನೊಂದ್ಕೋತಾರೆ.

ಇನ್ನೊಂದು ವಿಷಯ ಎಷ್ಟೋ ಜನಕ್ಕೆ ಗೊತ್ತಿಲ್ಲ. ಸಾಲ ಇರೋ ಬ್ಯಾಂಕಲ್ಲೇ ಸಂಬಳದ ಅಕೌಂಟೂ ಇದ್ರೆ, ಬಾಕಿ ಉಳಿದಾಗ ಬ್ಯಾಂಕ್ ಆ ಅಕೌಂಟಿಂದಾನೇ ದುಡ್ಡು ಹಿಡ್ಕೊಳ್ಳೋ ಹಕ್ಕು ಎಷ್ಟೋ ಕಡೆ ಇರುತ್ತೆ. ಮನೆಖರ್ಚಿನ ದುಡ್ಡು ಬೇರೆ ಬ್ಯಾಂಕಲ್ಲಿ ಇಡಿ. ಆಟೋ ಡೆಬಿಟ್ ಏನೇನಿದೆ ಅಂತ ಪಟ್ಟಿ ಮಾಡಿ, ಬೇಡದ ಸಬ್‌ಸ್ಕ್ರಿಪ್ಶನ್ ಎಲ್ಲಾ ನಿಲ್ಲಿಸಿ, ಇಲ್ಲಾಂದ್ರೆ ಮಾತ್ರೆಗೆ ಅಂತ ಇಟ್ಟಿದ್ದು ಯಾವುದೋ ಚಾನೆಲ್ಲಿಗೆ ಹೋಗಿರುತ್ತೆ.

ಹಂತ 4: ಕಂತು ತಪ್ಪೋ ಮುಂಚೆ ನೀವೇ ಫೋನ್ ಮಾಡಿ

ತಪ್ಪಿದ ಮೇಲೆ ಮಾತಾಡೋದಕ್ಕೂ ಮುಂಚೆ ಮಾತಾಡೋದಕ್ಕೂ ಅಜಗಜಾಂತರ. ತಪ್ಪಿದ ಮೇಲೆ ನಿಮ್ಮ ಫೈಲು ವಸೂಲಿ ಮಾಡೋವರ ಕೈಗೆ ಹೋಗುತ್ತೆ, ಅವರಿಗೆ ರಿಯಾಯಿತಿ ಕೊಡೋ ಅಧಿಕಾರಾನೂ ಹೆಚ್ಚಾಗಿ ಇರಲ್ಲ.

ನಂಗೆ ಗೊತ್ತಿರೋ ಒಬ್ಬರು ಆಸ್ಪತ್ರೆ ಕಾರಿಡಾರಲ್ಲಿ ಗೋಡೆಗೆ ಒರಗಿ ನಿಂತು, ಒಂದು ಕೈಲಿ ಸ್ಕ್ಯಾನಿಂಗ್ ರಿಪೋರ್ಟ್ ಕವರ್ ಹಿಡ್ಕೊಂಡು, ಬಂದ ಕಾಲಿಗೆಲ್ಲಾ ಶುಕ್ರವಾರ ಕಟ್ಬಿಡ್ತೀನಿ ಸಾರ್ ಅಂತಿದ್ರು. ಮೂರು ಕಡೆಗೆ ಮೂರು ಸಲ ಅದೇ ಶುಕ್ರವಾರ, ಅದೇ ದುಡ್ಡು. ಶುಕ್ರವಾರ ಬಂದಾಗ ಒಬ್ಬರಿಗೆ ಮಾತ್ರ ಕೊಡೋಕಾಯ್ತು, ಉಳಿದಿಬ್ಬರು ಇವರ ಮಾತು ನಂಬೋದನ್ನೇ ಬಿಟ್ರು, ಆಮೇಲೆ ನಿಜವಾಗಲೂ ಕಂತು ಕಮ್ಮಿ ಮಾಡಿ ಅಂತ ಕೇಳಿದಾಗ ಯಾರೂ ಕಿವಿಗೆ ಹಾಕ್ಕೊಳ್ಳಲಿಲ್ಲ. ಅದಕ್ಕೇ ಆಗದ ಮಾತು ಕೊಡ್ಬೇಡಿ. ಕಟ್ಟೋಕೆ ಆಗೋದು ಕಾಲು ಭಾಗ ಆದ್ರೆ ಕಾಲು ಭಾಗ ಅಂತಾನೇ ಹೇಳಿ.

ಮಾತಾಡೋದು ಹೀಗೆ: "ಈ ತಿಂಗಳಿಂದ ನನಗೆ ಸಂಬಳ ಇಲ್ಲ. ಸಾಲ ತೀರಿಸ್ತೀನಿ, ಆದ್ರೆ ಸದ್ಯಕ್ಕೆ ತಿಂಗಳಿಗೆ ಇಷ್ಟೇ ಆಗೋದು. ನಿಮ್ಮಲ್ಲಿ ಏನೇನು ದಾರಿ ಇದೆ ಹೇಳಿ, ಅದನ್ನ ಮೇಲ್‌ನಲ್ಲಿ ಕಳ್ಸಿ." ಅಳೋದು ಬೇಡ, ಪೂರ್ತಿ ಕಥೆ ಹೇಳೋದೂ ಬೇಡ. ಅವಧಿ ಜಾಸ್ತಿ ಮಾಡಿ ಕಂತು ಕಡಿಮೆ ಮಾಡೋದು, ಕೆಲವು ತಿಂಗಳು ಬರೀ ಬಡ್ಡಿ ಕಟ್ಟೋದು, ಕಂತು ನಿಲ್ಲಿಸೋ ಮೊರಟೋರಿಯಂ, ಈ ಮೂರನ್ನೂ ಹೆಸರು ಹಿಡಿದೇ ಕೇಳಿ. ಮೊರಟೋರಿಯಂ ಅಂದ ತಕ್ಷಣ ಖುಷಿಯಾಗಿ ಒಪ್ಕೋಬೇಡಿ. ಆ ತಿಂಗಳುಗಳ ಬಡ್ಡಿ ಅಸಲಿಗೆ ಸೇರುತ್ತಾ, ನನ್ನ ಕ್ರೆಡಿಟ್ ರೆಕಾರ್ಡಲ್ಲಿ ಇದು ಹೇಗೆ ಕಾಣುತ್ತೆ ಅಂತ ಎರಡು ಪ್ರಶ್ನೆ ಕೇಳಿ. ಮಾತಾಡಿದವರ ಹೆಸರು, ತಾರೀಕು, ಏನಂದ್ರು ಅನ್ನೋದು ಪುಸ್ತಕದಲ್ಲಿ ಬರ್ಕೊಳ್ಳಿ, ಬಾಯಿ ಮಾತಲ್ಲಿ ಕೊಟ್ಟ ರಿಯಾಯಿತಿ ರಿಯಾಯಿತಿನೇ ಅಲ್ಲ.

ಈ ಹೊತ್ತಲ್ಲೇ ಫೋನಿಗೆ ಜಾಹೀರಾತು ಬರೋಕೆ ಶುರು ಆಗೋದು. ಐದು ನಿಮಿಷದಲ್ಲಿ ಸಾಲ ಕೊಡೋ ಆ್ಯಪ್ ಕಾಂಟ್ಯಾಕ್ಟ್ಸು, ಫೋಟೋಸು ಎಲ್ಲಾ ನೋಡೋಕೆ ಪರ್ಮಿಷನ್ ಕೇಳ್ತು ಅಂದ್ರೆ ಅಲ್ಲೇ ಡಿಲೀಟ್ ಮಾಡಿ, ಕಂತು ತಪ್ಪಿದ ದಿನ ನಿಮ್ಮ ನೆಂಟರಿಗೆಲ್ಲಾ ಫೋನ್ ಹೋಗೋದು ಅದರಿಂದಾನೇ. ನಿಮ್ಮ ಸಾಲ ಅರ್ಧ ಮಾಡಿಸಿ ಕೊಡ್ತೀವಿ, ಮೊದಲು ಫೀಸ್ ಕಟ್ಟಿ ಅನ್ನೋರ ಹತ್ರಾನೂ ಹೋಗ್ಬೇಡಿ. ಅವರು ಮಾಡೋ ಫೋನನ್ನ ನೀವೇ ಪುಕ್ಕಟೆಯಾಗಿ ಮಾಡಬಹುದು. ನಿವೃತ್ತಿಗೆ ಅಂತ ಕೂಡಿಟ್ಟಿದ್ದನ್ನ ಕ್ರೆಡಿಟ್ ಕಾರ್ಡಿಗೆ ಸುರಿಯೋದು ಕೂಡ ಕಟ್ಟಕಡೆಯ ದಾರಿ, ಬೇರೆ ಎಲ್ಲಾ ಬಾಗಿಲೂ ತಟ್ಟಿ ಆದ ಮೇಲೆ.

ಹಂತ 5: ಮನಸ್ಸಿನ ವಿಷಯಕ್ಕೂ ಅದೇ ಕ್ರಮ

ಅಮೆರಿಕದ ಥಾಮಸ್ ಹೋಮ್ಸ್ ಮತ್ತು ರಿಚರ್ಡ್ ರಾಹೆ ಅನ್ನೋ ಮನೋವೈದ್ಯರು 1967ರಲ್ಲಿ ಬದುಕಿನ 43 ಘಟನೆಗಳಿಗೆ ಅಂಕ ಹಾಕಿ ಒಂದು ಪಟ್ಟಿ ಮಾಡಿದ್ರು. ಸಂಗಾತಿ ಸಾವಿಗೆ 100, ಗಂಡ ಹೆಂಡತಿ ಬೇರೆ ಆಗೋದಕ್ಕೆ 65, ಕೆಲಸ ಹೋಗೋದಕ್ಕೆ 47, ಮನೆಯವರ ಆರೋಗ್ಯ ಕೆಡೋದಕ್ಕೆ 44, ಹಣಕಾಸು ಏರುಪೇರಾಗೋದಕ್ಕೆ 38. ಕೊನೇ ನಾಲ್ಕು ಸೇರಿದ್ರೇ 194. ಮೊತ್ತ 150 ದಾಟಿದ್ರೆ ಕಾಯಿಲೆ ಬೀಳೋ ಸಾಧ್ಯತೆ ಜಾಸ್ತಿ, 300 ದಾಟಿದ್ರೆ ಇನ್ನೂ ಜಾಸ್ತಿ ಅಂತ ಅವರ ಲೆಕ್ಕ. ನನಗೆ ಇದರಲ್ಲಿ ಮುಖ್ಯ ಅನ್ಸೋದು ಬೇರೆ: ಆ ಪಟ್ಟೀಲಿ ಮದುವೆಗೆ 50 ಇದೆ, ಮನೆ ಬದಲಾಯಿಸೋದಕ್ಕೆ 20 ಇದೆ, ಅಂದ್ರೆ ಒಳ್ಳೇ ಬದಲಾವಣೆನೂ ಭಾರನೇ. ಹಾಗಾಗಿ ಹೊಸ ಊರು, ಹೊಸ ಬಿಸಿನೆಸ್ಸು, ಹೊಸ ಸಂಬಂಧ ಅಂತ ಈಗಲೇ ಹೊರಡೋಕೆ ಹೋಗ್ಬೇಡಿ, ಗಾಯದ ಮೇಲೆ ಬರೆ ಎಳ್ಕೊಂಡ ಹಾಗಾಗುತ್ತೆ.

ಮನೆ ಜಗಳದಲ್ಲಿ ಇವತ್ತೇ ಮುಗಿಸಬೇಕಾದ್ದು ತುಂಬಾ ಕಮ್ಮಿ. ಹೊಡೆತ ಬಡಿತ ಇದ್ರೆ ಮಾತ್ರ ಬೇರೆ ಮಾತು, ಅಲ್ಲಿಂದ ಮೊದಲು ಹೊರಗೆ ಬನ್ನಿ, ಲೆಕ್ಕ ಆಮೇಲೆ. ಇಲ್ಲಾಂದ್ರೆ ಇಬ್ಬರೂ ಕೂತು ಬೇರೆ ಆಗ್ಬೇಕಾ ಬೇಡ್ವಾ ಅನ್ನೋದನ್ನ ಇಂಥ ತಿಂಗಳ ತನಕ ಎತ್ತಲ್ಲ ಅಂತ ಮಾತಾಡ್ಕೊಳ್ಳಿ. ದುಃಖಕ್ಕೆ ತಾರೀಕಿಲ್ಲ, ಆದ್ರೆ ಇನ್ಶೂರೆನ್ಸ್ ಕ್ಲೇಮಿಗೆ, ಕೋರ್ಟ್ ಅರ್ಜಿಗೆ ತಾರೀಕಿದೆ. ಅತ್ಕೊಂಡೇ ಆದ್ರೂ ಆ ಫಾರಂ ತುಂಬಿ, ಆಗಲ್ಲ ಅಂದ್ರೆ ನಂಬಿಕೆ ಇರೋವರಿಗೆ ಒಪ್ಪಿಸಿ.

ಎಲ್ಲರಿಗೂ ಎಲ್ಲಾ ಹೇಳೋದು ಬೇಡ, ಒಬ್ಬರಿಗೆ ಮಾತ್ರ ಪೂರ್ತಿ ಹೇಳಿ, ಸಾಲದ ನಿಜವಾದ ಮೊತ್ತ ಕೂಡ. ಏನಾದ್ರೂ ಬೇಕಾದ್ರೆ ಹೇಳಿ ಅಂತ ಕೇಳ್ತಾರಲ್ಲ, ಅವರಿಗೆಲ್ಲ ಏನೂ ಬೇಡ ಅನ್ಬೇಡಿ, ಮಂಗಳವಾರ ಮಕ್ಕಳನ್ನ ಸ್ಕೂಲಿಂದ ಕರ್ಕೊಂಡು ಬರ್ತೀರಾ ಅಂತ ಒಂದು ಕೆಲಸ ಕೊಡಿ.

ಸಾಯೋ ಯೋಚನೆ ಬರ್ತಿದ್ರೆ, ನಾನಿಲ್ದಿದ್ರೆ ಎಲ್ಲರಿಗೂ ಹಗುರ ಅಂತ ಒಂದ್ಸಲ ಅನ್ಸಿದ್ರೂ, ಈ ಪುಸ್ತಕ ಪಟ್ಟಿ ಎಲ್ಲಾ ಪಕ್ಕಕ್ಕಿಡಿ. ಅವತ್ತೇ, ಆಗಲೇ ಯಾರಿಗಾದ್ರೂ ಬಾಯಿಬಿಟ್ಟು ಹೇಳಿ, ಡಾಕ್ಟರ್ ಹತ್ರ ಹೋಗಿ ಇಲ್ಲಾ ಹೆಲ್ಪ್‌ಲೈನಿಗೆ ಫೋನ್ ಮಾಡಿ, ಒಬ್ಬರೇ ಇರ್ಬೇಡಿ. ಸಾಲ ಎಷ್ಟೇ ದೊಡ್ಡದಿದ್ರೂ ಅದಕ್ಕೆ ಮಾತುಕತೆ ಇದೆ, ಅವಧಿ ಇದೆ, ಕಾನೂನಿದೆ.

ಹಂತ 6: ನಿದ್ದೆ

17 ಗಂಟೆ ಎದ್ದೇ ಇದ್ದವರ ಕೈ ಕಣ್ಣಿನ ಹೊಂದಾಣಿಕೆ, ರಕ್ತದಲ್ಲಿ 0.05 ಪರ್ಸೆಂಟ್ ಆಲ್ಕೋಹಾಲ್ ಇರೋವರ ಮಟ್ಟಕ್ಕೆ ಇಳಿಯುತ್ತೆ ಅಂತ 1997ರ ಒಂದು ಪ್ರಯೋಗದಲ್ಲಿ ಗೊತ್ತಾಯ್ತು. ರಾತ್ರಿ ಎರಡು ಗಂಟೆಗೆ ಸಾಲದ ಲೆಕ್ಕ ಮಾಡ್ಬೇಡಿ. ಆಸ್ಪತ್ರೇಲಿ ರಾತ್ರಿ ಇರೋದನ್ನ ಸರದಿ ಮೇಲೆ ಹಂಚ್ಕೊಳ್ಳಿ.

ಹಂತ 7: ವಾರಕ್ಕೊಂದು ಗಂಟೆ

ದಿನಾ ಪುಸ್ತಕ ತೆಗೀಬೇಡಿ. ವಾರದಲ್ಲಿ ಒಂದು ದಿನ, ಹಗಲಲ್ಲಿ, ಒಂದು ಗಂಟೆ ಸಾಕು. ಬಾಕಿ ಕೆಲಸ ತಲೇಲಿ ಕೊರೀತಾ ಇರುತ್ತಲ್ಲ, ಅದನ್ನ ಯಾವಾಗ, ಎಲ್ಲಿ, ಹೇಗೆ ಮಾಡ್ತೀನಿ ಅಂತ ಖಚಿತವಾಗಿ ಪ್ಲಾನ್ ಮಾಡಿದ್ರೆ, ಕೆಲಸ ಮುಗಿಯೋ ಮುಂಚೆನೇ ಆ ಕೊರೆತ ಕಡಿಮೆ ಆಗುತ್ತೆ ಅಂತ ಮ್ಯಾಸಿಕ್ಯಾಂಪೊ ಮತ್ತು ಬೌಮೈಸ್ಟರ್ ಅನ್ನೋ ಮನಶ್ಶಾಸ್ತ್ರಜ್ಞರು 2011ರಲ್ಲಿ ತೋರಿಸಿದ್ರು. ಹಾಗಾಗಿ ಬ್ಯಾಂಕಿಗೆ ಮಾತಾಡ್ಬೇಕು ಅಂತ ಬರೀಬೇಡಿ, ಸೋಮವಾರ ಹನ್ನೊಂದಕ್ಕೆ, ಈ ನಂಬರಿಗೆ, ಅವಧಿ ಜಾಸ್ತಿ ಮಾಡೋ ವಿಷಯ ಅಂತ ಬರೀರಿ. ಸಂದರ್ಭ ಬದಲಾದ್ರೆ ಕ್ರಮಾನೂ ಬದಲಾಯಿಸಿ, ಕೆಲಸ ಸಿಕ್ಕಿದ ತಿಂಗಳು ಹಂತ 3ನ್ನ ಹೊಸದಾಗಿ ಮಾಡಿ.

ಯಾವುದಾದ್ರೂ ಸಾಲ ತೀರಿತು ಅಂದ್ರೆ ಕೊನೇ ಕಂತಿನ ರಸೀದಿ ನೋಡಿ ಸುಮ್ನಾಗ್ಬೇಡಿ. ಬಾಕಿ ಇಲ್ಲ ಅನ್ನೋ ಪತ್ರ ಬರವಣಿಗೇಲಿ ತಗೊಳ್ಳಿ, ಅಡ ಇಟ್ಟ ಪತ್ರ ವಾಪಸ್ ಇಸ್ಕೊಳ್ಳಿ, ಆಟೋ ಡೆಬಿಟ್ ನಿಂತಿದೆಯಾ ಅಂತ ಮುಂದಿನ ತಿಂಗಳು ನೋಡಿ, ಕ್ರೆಡಿಟ್ ರಿಪೋರ್ಟಲ್ಲಿ ಕ್ಲೋಸ್ಡ್ ಅಂತ ಬರೋವರೆಗೂ ಬಿಡ್ಬೇಡಿ, ಸೆಟಲ್ಡ್ ಅಂತ ಬಂದಿದ್ರೆ ಪೂರ್ತಿ ಕಟ್ಟಿಲ್ಲ ಅಂತ ಅರ್ಥ, ಪೂರ್ತಿ ಕಟ್ಟಿದ್ರೂ ಹಾಗೆ ಬಂದಿದ್ರೆ ಆ ಪತ್ರ ಇಟ್ಕೊಂಡು ಸರಿ ಮಾಡ್ಸಿ.