ಮುಗಿದ ಪಾಟೀ ಸವಾಲನ್ನು ಮತ್ತೆ ತೆರೆಸಿದ್ದು

ಕೆಲವು ವರ್ಷಗಳ ಹಿಂದೆ ಮಾನನಷ್ಟದ ಖಾಸಗಿ ದೂರೊಂದರಲ್ಲಿ ನಾನು ಆರೋಪಿಯ ಪರ ವಕೀಲನಾಗಿದ್ದೆ. ದೂರುದಾರರು ಗೃಹ ನಿರ್ಮಾಣ ಸಹಕಾರ ಸಂಘವೊಂದರ ಮಾಜಿ ಕಾರ್ಯದರ್ಶಿ. ನಿವೇಶನ ಹಂಚಿಕೆಯ ಜ್ಯೇಷ್ಠತಾ ಪಟ್ಟಿಯನ್ನು ಅವರು ತಿರುಚಿದ್ದಾರೆಂದು ಪತ್ರ ಬರೆದು ಸದಸ್ಯರಿಗೆಲ್ಲ ಹಂಚಿದ ನಿವೃತ್ತ ನೌಕರರೊಬ್ಬರು ಆರೋಪಿ. ಪತ್ರ ಬರೆದದ್ದನ್ನು ನಾವು ಅಲ್ಲಗಳೆದಿರಲಿಲ್ಲ. ನಮ್ಮ ರಕ್ಷಣೆಯೆಲ್ಲ ನಿಂತಿದ್ದು ಭಾರತೀಯ ದಂಡ ಸಂಹಿತೆಯ 499ನೇ ಕಲಮಿನ ಒಂದನೆಯ ಮತ್ತು ಒಂಬತ್ತನೆಯ ಅಪವಾದಗಳ ಮೇಲೆ: ಬರೆದದ್ದು ನಿಜ ಮತ್ತು ಸಾರ್ವಜನಿಕ ಹಿತಕ್ಕಾಗಿ ಬರೆದದ್ದು, ಹಾಗಲ್ಲದಿದ್ದರೂ ಸದ್ಭಾವನೆಯಿಂದ, ಸದಸ್ಯರ ಹಿತ ಕಾಯುವುದಕ್ಕಾಗಿ ಬರೆದದ್ದು. (ಕನ್ನಡದಲ್ಲಿ ಅಪವಾದವೆಂದರೆ ವಿನಾಯಿತಿಯೂ ಹೌದು, ಇಲ್ಲದ್ದನ್ನು ಹೊರಿಸುವುದೂ ಹೌದು, ಈ ಬಗೆಯ ಪ್ರಕರಣದಲ್ಲಿ ಆ ಒಂದೇ ಪದವನ್ನು ಎರಡೂ ಕಡೆಯವರು ಬಳಸುತ್ತಿರುತ್ತಾರೆ.) ಅಪವಾದದ ಲಾಭ ಬೇಕೆನ್ನುವವನೇ ಅದನ್ನು ರುಜುವಾತು ಮಾಡಬೇಕು. ಸಂಭವನೀಯತೆಯ ಮಟ್ಟಕ್ಕೆ ತೋರಿಸಿದರೆ ಸಾಕೆಂಬುದು ನಿಜವಾದರೂ, ಆ ಮಟ್ಟವನ್ನು ಮುಟ್ಟುವುದು ಬಹುಮಟ್ಟಿಗೆ ದೂರುದಾರನ ಪಾಟೀ ಸವಾಲಿನಲ್ಲಿಯೇ.

ಪಿ.ಡಬ್ಲ್ಯು.1, ಅಂದರೆ ದೂರಿನ ಕಡೆಯ ಮೊದಲ ಸಾಕ್ಷಿ ಆಗಿದ್ದ ದೂರುದಾರರ ಪಾಟೀ ಸವಾಲನ್ನು ನಾನು ಎರಡು ದಿನಗಳಲ್ಲಿ ಮುಗಿಸಿದೆ. ಹಂಚಿಕೆಯ ಬಗ್ಗೆ ಕರ್ನಾಟಕ ಸಹಕಾರ ಸಂಘಗಳ ಅಧಿನಿಯಮ, 1959ರ 64ನೇ ಕಲಮಿನಡಿ ವಿಚಾರಣೆ ನಡೆದಿತ್ತೆಂದೂ ಅಲ್ಲಿ ದೂರುದಾರರೇ ಹೇಳಿಕೆ ಕೊಟ್ಟಿದ್ದರೆಂದೂ ಕಕ್ಷಿದಾರರು ಹೇಳಿದ್ದರು. ಕಾಗದ ಮಾತ್ರ ಕೈಯಲ್ಲಿರಲಿಲ್ಲ. ಆದರೂ ಪ್ರಶ್ನೆ ಹಾಕಿದೆ. 'ವಿಚಾರಣಾಧಿಕಾರಿಯ ಮುಂದೆ ನಾನು ಹೇಳಿಕೆ ಕೊಟ್ಟಿದ್ದೇನೆ ಎಂದರೆ ಸರಿಯಲ್ಲ' ಎಂಬ ಉತ್ತರ ದಾಖಲಾಯಿತು. ಕೈಯಲ್ಲಿ ದಾಖಲೆಯಿಲ್ಲದೆ ಆ ಪ್ರಶ್ನೆ ಕೇಳಿದ್ದು ನನ್ನ ಆತುರ ಎಂದು ಅಂದು ಸಂಜೆಯೇ ಅನ್ನಿಸಿತ್ತು.

ಆ ಕಡತಕ್ಕಾಗಿ ಕಕ್ಷಿದಾರರು ಮಾಹಿತಿ ಹಕ್ಕಿನಡಿ ಆಗಲೇ ಅರ್ಜಿ ಹಾಕಿದ್ದರು. ಮೂವತ್ತು ದಿನದ ಗಡುವು ಕಳೆದ ಮೇಲೆ ಬಂದ ಉತ್ತರ, ಕಡತ ಲಭ್ಯವಿಲ್ಲ ಎಂದು. ಮೊದಲ ಮೇಲ್ಮನವಿ ಸಲ್ಲಿಸಿದ ಮೇಲೆ ಲಭ್ಯವಿಲ್ಲದ ಕಡತ ಲಭ್ಯವಾಯಿತು. ಅದರಿಂದ ದೃಢೀಕೃತ ಪ್ರತಿಗಳನ್ನು ಪಡೆಯುವ ಹೊತ್ತಿಗೆ ನಮ್ಮ ಪ್ರಕರಣದಲ್ಲಿ, ಎದುರು ಸಾಕ್ಷ್ಯದ ಬಗ್ಗೆ ಆರೋಪಿಯನ್ನೇ ಕೇಳಿ ನ್ಯಾಯಾಲಯ ದಾಖಲಿಸುವ 313ನೇ ಕಲಮಿನ ಹೇಳಿಕೆಯೂ ಮುಗಿದು ಆರೋಪಿಯ ಕಡೆಯ ಸಾಕ್ಷ್ಯಕ್ಕೆ ದಿನ ನಿಗದಿಯಾಗಿತ್ತು. ಪ್ರತಿಯ ಮೂರನೆಯ ಪುಟದಲ್ಲಿ ದೂರುದಾರರ ಹೇಳಿಕೆ ಇತ್ತು, ಕೆಳಗೆ ಅವರ ಸಹಿಯೂ ಇತ್ತು.

ಈ ದಾಖಲೆಯನ್ನು ನಮ್ಮ ಸಾಕ್ಷಿಯ ಮೂಲಕವೇ ಗುರುತಿಸಬಹುದಲ್ಲ ಎಂದು ನನ್ನ ಕಿರಿಯ ಸಹೋದ್ಯೋಗಿ ಕೇಳಿದರು. ಗುರುತಿಸಬಹುದಿತ್ತು. ಆದರೆ ಸಾಕ್ಷಿಯ ಹಿಂದಿನ ಲಿಖಿತ ಹೇಳಿಕೆಯಿಂದ ಅವನ ಮಾತನ್ನೇ ಖಂಡಿಸಬೇಕಾದರೆ, ಖಂಡನೆಗೆ ಬಳಸುವ ಭಾಗವನ್ನು ಅವನ ಗಮನಕ್ಕೆ ತರಲೇಬೇಕೆಂದು ಆಗ ಜಾರಿಯಲ್ಲಿದ್ದ ಸಾಕ್ಷ್ಯ ಅಧಿನಿಯಮದ 145ನೇ ಕಲಂ ಹೇಳುತ್ತಿತ್ತು. ಹಾಗೆ ಮಾಡದಿದ್ದರೆ, ವಾದದ ದಿನ ಎದುರು ವಕೀಲರು 'ಇದನ್ನು ನಮ್ಮ ಸಾಕ್ಷಿಗೆ ತೋರಿಸಿಯೇ ಇಲ್ಲ' ಎನ್ನುವುದು ಖಚಿತ. ಆದ್ದರಿಂದ ದಂಡ ಪ್ರಕ್ರಿಯಾ ಸಂಹಿತೆಯ 311ನೇ ಕಲಮಿನಡಿ ಸಾಕ್ಷಿಯನ್ನು ಮರಳಿ ಕರೆಸುವುದಲ್ಲದೆ ಬೇರೆ ದಾರಿ ಇರಲಿಲ್ಲ. ಇಂದು ಇದೇ ಅರ್ಜಿಯನ್ನು, ಆ ಸಂಹಿತೆಯ ಬದಲಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 348ನೇ ಕಲಮಿನಡಿ ಹಾಕಬೇಕು. ಒಳಗಿನ ತಿರುಳು ಬದಲಾಗಿಲ್ಲ.

ನಾನು ಬರೆದ ಮೊದಲ ಕರಡು ಎಲ್ಲ ವಕೀಲರ ಕಂಪ್ಯೂಟರಿನಲ್ಲಿಯೂ ಇರುವಂಥದ್ದು: 'ಕೆಲವು ಮುಖ್ಯ ಪ್ರಶ್ನೆಗಳು ಉಳಿದುಹೋಗಿವೆ, ಅವಕಾಶ ನೀಡದಿದ್ದರೆ ತುಂಬಲಾರದ ನಷ್ಟವಾಗುತ್ತದೆ.' ಅದನ್ನು ಹರಿದುಹಾಕಿದೆ. ವಕೀಲರು ಬದಲಾದರು, ಹಿಂದಿನವರು ಸರಿಯಾಗಿ ಕೇಳಲಿಲ್ಲ ಎಂಬಷ್ಟರಿಂದಲೇ ಸಾಕ್ಷಿಗಳನ್ನು ಮತ್ತೆ ಕರೆಸಲಾಗದೆಂದು ಸರ್ವೋಚ್ಚ ನ್ಯಾಯಾಲಯ 2015ರಲ್ಲಿ ಶಿವಕುಮಾರ್ ಯಾದವ್ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆ. ವಕೀಲ ಬದಲಾಗದೆ ಅವನೇ ಬಂದು ಮರೆತೆ ಎಂದರೆ ಇನ್ನೂ ಕಷ್ಟ. ಹೊಸ ಕರಡಿನಲ್ಲಿ ಮಾಹಿತಿ ಹಕ್ಕಿನ ಅರ್ಜಿಯ ದಿನಾಂಕ, ಬಂದ ಉತ್ತರ, ಮೇಲ್ಮನವಿ, ಪ್ರತಿ ಕೈಸೇರಿದ ದಿನ, ಇವಿಷ್ಟನ್ನು ವರ್ಣನೆಯಿಲ್ಲದೆ ಕ್ರಮವಾಗಿ ಬರೆದೆ. ಪಾಟೀ ಸವಾಲಿನ ಆ ಒಂದು ವಾಕ್ಯವನ್ನು ಪುಟಸಂಖ್ಯೆಯೊಂದಿಗೆ ಉದ್ಧರಿಸಿ, ದಾಖಲೆ ಅದಕ್ಕೆ ನೇರವಾಗಿ ವಿರುದ್ಧವಾಗಿದೆ ಎಂದೆ.

ನಾನು ಹೆಚ್ಚು ಹೊತ್ತು ತಲೆಕೆಡಿಸಿಕೊಂಡದ್ದು ಪ್ರಶ್ನೆಗಳನ್ನು ಅರ್ಜಿಯಲ್ಲಿ ಎಷ್ಟರ ಮಟ್ಟಿಗೆ ಬಿಚ್ಚಿಡಬೇಕು ಎಂಬುದರ ಬಗ್ಗೆ. ಏನೂ ಹೇಳದಿದ್ದರೆ ಅಗತ್ಯವೇನೆಂದು ನ್ಯಾಯಾಲಯಕ್ಕೆ ತಿಳಿಯುವುದಿಲ್ಲ. ಎಲ್ಲ ಹೇಳಿದರೆ, ಅರ್ಜಿಯ ಪ್ರತಿ ಮೊದಲು ಹೋಗುವುದೇ ಆ ಸಾಕ್ಷಿಯ ಕೈಗೆ. ತಕರಾರು ಸಲ್ಲಿಸಲು ಸಿಗುವ ಎರಡು ವಾರಗಳಲ್ಲಿ ಉತ್ತರಗಳೂ ಸಿದ್ಧವಾಗಿಬಿಡುತ್ತವೆ. ಕೊನೆಗೆ ದಾಖಲೆ ಯಾವುದು, ಯಾವ ಉತ್ತರಕ್ಕೆ ಸಂಬಂಧಿಸಿದ್ದು ಎಂಬುದನ್ನು ತಿಳಿಸಿದೆ, ದಾಖಲೆಯನ್ನೂ ಲಗತ್ತಿಸಿದೆ. ಪ್ರಶ್ನೆಗಳನ್ನು ಮಾತ್ರ ಬರೆಯಲಿಲ್ಲ. ಒಂದೇ ದಿನದಲ್ಲಿ ಮುಗಿಸುತ್ತೇನೆ, ಈ ದಾಖಲೆಯ ಆಚೆಗೆ ಹೋಗುವುದಿಲ್ಲ ಎಂದು ನಾನಾಗಿಯೇ ಬರೆದುಕೊಟ್ಟೆ.

ತಕರಾರು ನಿರೀಕ್ಷಿಸಿದಂತೆಯೇ ಇತ್ತು: ವಿಳಂಬ, ಪ್ರಕರಣವನ್ನು ಎಳೆಯುವ ತಂತ್ರ, ರಕ್ಷಣೆಯ ಲೋಪ ತುಂಬುವ ಯತ್ನ. ನಾನು ಒತ್ತು ಕೊಟ್ಟದ್ದು ಕಲಮಿನ ರಚನೆಗೆ. ಅದರ ಮೊದಲ ಭಾಗ ಯಾವುದೇ ಹಂತದಲ್ಲಿ ಸಾಕ್ಷಿಯನ್ನು 'ಕರೆಯಬಹುದು' ಎನ್ನುತ್ತದೆ. ಎರಡನೆಯ ಭಾಗ, ನ್ಯಾಯಯುತ ತೀರ್ಮಾನಕ್ಕೆ ಆ ಸಾಕ್ಷ್ಯ ಅಗತ್ಯವೆಂದು ಕಂಡರೆ 'ಕರೆಯತಕ್ಕದ್ದು' ಎನ್ನುತ್ತದೆ. 2013ರ ರಾಜಾರಾಂ ಪ್ರಸಾದ್ ಯಾದವ್ ತೀರ್ಪು ಈ ಅಧಿಕಾರ ಬಳಸುವಾಗ ನೋಡಬೇಕಾದ ಅಂಶಗಳನ್ನು ಪಟ್ಟಿಮಾಡಿರುವುದರಿಂದ ಅದನ್ನೇ ಓದಿದೆ. ಅರ್ಜಿ ಪುರಸ್ಕೃತವಾಯಿತು. ಎರಡು ಸಾವಿರ ರೂಪಾಯಿ ವೆಚ್ಚ, ಒಂದೇ ದಿನ, ಒಂದೇ ದಾಖಲೆ. ವೆಚ್ಚವನ್ನು ಮುಂದಿನ ದಿನಾಂಕಕ್ಕೆ ಮುಂಚೆಯೇ ಮೆಮೊ ಸಹಿತ ಕೊಟ್ಟೆ, ಏಕೆಂದರೆ ವೆಚ್ಚ ಬಂದಿಲ್ಲವೆಂಬ ಕಾರಣಕ್ಕೆ ಸಾಕ್ಷಿ ಕಟಕಟೆ ಹತ್ತದೆ ಹಿಂತಿರುಗಿದ್ದನ್ನು ನಾನು ಕಂಡಿದ್ದೆ.

ಅಂದು ಕೇಳಿದ್ದು ಆರು ಪ್ರಶ್ನೆ. ಮೊದಲು ಹೇಳಿಕೆಯ ಒಕ್ಕಣೆಯನ್ನು ತೋರಿಸದೆ, ಪುಟವನ್ನು ಮಡಚಿ ಸಹಿಯನ್ನಷ್ಟೇ ತೋರಿಸಲು ಹೋದೆ. ನ್ಯಾಯಾಧೀಶರು ಪೂರ್ತಿ ತೋರಿಸಿ ಎಂದರು. ಅವರು ಹೇಳಿದ್ದು ಸರಿ. ಸಾಕ್ಷಿ ಕನ್ನಡಕ ಹಾಕಿಕೊಂಡು ಪುಟವನ್ನು ಎರಡು ಸಲ ಓದಿದರು. 'ಸಹಿ ನನ್ನದು. ಹೇಳಿಕೆಯನ್ನು ಅಧಿಕಾರಿಯೇ ಬರೆದುಕೊಂಡರು. ಹಿಂದೆ ನಾನು ಹೇಳಿಕೆ ಕೊಟ್ಟಿಲ್ಲ ಎಂದದ್ದು ನೆನಪಿಲ್ಲದೆ' ಎಂದು ದಾಖಲಾಯಿತು. ಜ್ಯೇಷ್ಠತಾ ಪಟ್ಟಿಯಲ್ಲಿ ಮೂರು ಹೆಸರುಗಳನ್ನು ಮೇಲಕ್ಕೆ ತಂದದ್ದಕ್ಕೆ ಆಡಳಿತ ಮಂಡಳಿಯ ನಿರ್ಣಯ ಇರಲಿಲ್ಲ ಎಂಬ ಸಾಲನ್ನು ಓದಿ ಹೇಳಿದೆ; ಹಾಗೆ ಬರೆದಿರುವುದು ನಿಜವೆಂದು ಒಪ್ಪಿದರು. ದಾಖಲೆ ನಿಡಿ-4, ಅಂದರೆ ಆರೋಪಿಯ ಕಡೆಯ ನಾಲ್ಕನೆಯ ನಿಶಾನೆ ಎಂದು ಗುರುತಾಯಿತು. ಅಲ್ಲಿಗೆ ಕೂರಬೇಕಿತ್ತು. ಆ ಮೂವರಲ್ಲಿ ಒಬ್ಬರು ನಿಮ್ಮ ಸಂಬಂಧಿಯಲ್ಲವೇ ಎಂದು ಏಳನೆಯದನ್ನು ಕೇಳಹೋದೆ. ಆದೇಶದ ಮಿತಿಯನ್ನು ಮೀರಿದ ಪ್ರಶ್ನೆಯೆಂದು ನ್ಯಾಯಾಧೀಶರು ತಡೆದರು. ಬರೆದುಕೊಟ್ಟವನು ನಾನೇ ಆಗಿದ್ದರಿಂದ ವಾದಿಸಲು ಮುಖವಿರಲಿಲ್ಲ.

ತೀರ್ಪಿನಲ್ಲಿ ಒಂದನೆಯ ಅಪವಾದ ರುಜುವಾತಾಗಿಲ್ಲವೆಂದೂ ಒಂಬತ್ತನೆಯದು ಅನ್ವಯಿಸುತ್ತದೆಂದೂ ಹೇಳಿ ಆರೋಪಿಯನ್ನು ಖುಲಾಸೆ ಮಾಡಲಾಯಿತು. ಸದ್ಭಾವನೆಗೆ ಆಧಾರವಾಗಿ ನಿಡಿ-4ನ್ನೂ ಮರಳಿ ಬಂದ ದಿನದ ಎರಡು ವಾಕ್ಯಗಳನ್ನೂ ಉದ್ಧರಿಸಲಾಗಿತ್ತು. ಮೇಲ್ಮನವಿಗೆ ವಿಶೇಷ ಅನುಮತಿ ಕೋರಿ ದೂರುದಾರರು ಉಚ್ಚ ನ್ಯಾಯಾಲಯಕ್ಕೆ ಹೋದರು. ಅವರ ಅರ್ಜಿಯ ಮೊದಲ ಆಕ್ಷೇಪವೇ ಈ ಮರುಕರೆಗೆ ಅವಕಾಶ ಕೊಡಬಾರದಿತ್ತು ಎಂಬುದು.