ಗ್ರಿಪ್ಪರ್ ಆರಿಸುವಾಗ ಕೆಜಿ ಆಮೇಲೆ, ಮೊದಲು ಮಾಲು

ಕೊಪ್ಪಳದ ಸುತ್ತ ಕಬ್ಬಿಣದ ಕಾಸ್ಟಿಂಗ್, ಗಂಗಾವತಿಯಲ್ಲಿ ರೈಸ್ ಮಿಲ್, ಬಳ್ಳಾರಿಯಲ್ಲಿ ಜೀನ್ಸ್. ಇಂಥ ಕಡೆಗಳಲ್ಲಿ ಗಾಳಿ ಒತ್ತಡದಿಂದ ಓಡುವ ಗ್ರಿಪ್ಪರ್, ಅಂದರೆ ಯಂತ್ರದ ತೋಳಿನ ತುದಿಯಲ್ಲಿ ಮಾಲು ಹಿಡಿದೆತ್ತುವ ಕೈ, ಕೂರಿಸುವುದು ನನ್ನ ಕೆಲಸ. ಹೋದಲ್ಲೆಲ್ಲ ಮಾಲೀಕರ ಪ್ರಶ್ನೆ ಒಂದೇ: "ಎಷ್ಟು ಕೆಜಿ ಎತ್ತತೈತ್ರಿ ಇದು?" ನಾನು ಮೊದಲು ಮಾಲನ್ನು ಕೈಯಲ್ಲಿ ಹಿಡಿದು ನೋಡುತ್ತೇನೆ. ಎಣ್ಣೆ ಮೆತ್ತಿದೆಯಾ, ಬಿಸಿ ಇದೆಯಾ, ಅದರೊಳಗೆ ಗಾಳಿ ಹಾಯುತ್ತಾ? ಇಷ್ಟು ಗೊತ್ತಾದರೆ ಅರ್ಧ ಆಯ್ಕೆ ಮುಗಿಯಿತು.

ಲೇತ್‌ಗೆ ಕಾಸ್ಟಿಂಗ್ ಇಟ್ಟು ತೆಗೆಯುವ ಕೆಲಸ ಅಂದುಕೊಳ್ಳಿ. ಮಾಲು 2 ಕೆಜಿ, ಅಂದರೆ ಸುಮಾರು 20 ನ್ಯೂಟನ್ ಭಾರ. ಇದಕ್ಕೆ ನಾನು ಹಾಕುವುದು ಪ್ಯಾರಲಲ್ ಗ್ರಿಪ್ಪರ್. ಎರಡು ಜಾ, ಅಂದರೆ ದವಡೆಗಳು, ನೇರವಾಗಿ ಸರಿದು ಹಿಡಿಯುತ್ತವೆ. ಕೂಲಂಟ್ (ಲೇತ್‌ನಲ್ಲಿ ಮಾಲನ್ನು ತಣ್ಣಗಿಡುವ ದ್ರವ) ಮೆತ್ತಿದ ಕಬ್ಬಿಣಕ್ಕೆ ಘರ್ಷಣೆಯ ಲೆಕ್ಕ 0.1 ಅಂತಲೇ ಹಿಡಿಯುತ್ತೇನೆ. 20ನ್ನು 0.1ರಿಂದ ಭಾಗಿಸಿದರೆ 200, ಎರಡು ಜಾಗಳಿಗೆ ಹಂಚಿದರೆ ತಲಾ 100. ತೋಳು ಜೋರಾಗಿ ಓಡಿ ಗಕ್ಕನೆ ನಿಲ್ಲುತ್ತದಲ್ವಾ, ಅದಕ್ಕೆ ದುಪ್ಪಟ್ಟು. 2 ಕೆಜಿ ಮಾಲಿಗೆ ಒಂದೊಂದು ಜಾ 200 ನ್ಯೂಟನ್ ಒತ್ತಬೇಕು! ಕೇಳಿದವರು ಸುಮ್ನೆ ಜಾಸ್ತಿ ಹೇಳ್ತಿದಾನೆ ಅಂದುಕೊಳ್ಳುತ್ತಾರೆ. ಮಾಲಿನ ಆಕಾರಕ್ಕೇ ಜಾ ಕೊರೆಸಿ, ತಳದಲ್ಲಿ ಒಂದು ತುಟಿ ಬಿಟ್ಟರೆ ಭಾರ ಅದರ ಮೇಲೆ ಕೂರುತ್ತದೆ, ಇಷ್ಟು ಒತ್ತಡ ಬೇಕಾಗುವುದಿಲ್ಲ. ಜಾ ಕೊರೆಸಲು ಕೊಡುವ ದುಡ್ಡು ದೊಡ್ಡ ಗ್ರಿಪ್ಪರ್‌ಗೆ ಕೊಡುವುದಕ್ಕಿಂತ ಸಾರ್ಥಕ ಅಂತ ನನ್ನ ಲೆಕ್ಕ. ಆದರೆ ಜಾ ಉದ್ದ ಮಾಡಬೇಡಿ. ಉದ್ದವಾದಷ್ಟೂ ಜಾ ಸರಿಯುವ ಗೈಡ್ ಮೇಲೆ ತಿರುಚು ಬಿದ್ದು, ಹಿಡಿತ ಕಡಿಮೆಯಾಗುತ್ತದೆ.

ದುಂಡನೆಯ ಮಾಲಾದರೆ ಮೂರು ಜಾ ಗ್ರಿಪ್ಪರ್. ತಾನೇ ನಡುವಿಗೆ ತಂದು ಹಿಡಿಯುತ್ತದೆ. ಜಾಗ ಇಕ್ಕಟ್ಟಾಗಿದ್ದರೆ ಜಾ ಪೂರ್ತಿ ಹಿಂದಕ್ಕೆ ಬಿಚ್ಚಿಕೊಳ್ಳುವ 180 ಡಿಗ್ರಿ ಮಾದರಿ. ಬಿಸಿ ಮಾಲಿದ್ದರೆ ಒಳಗಿನ ಸೀಲ್ (ಗಾಳಿ ಸೋರದಂತೆ ತಡೆಯುವ ರಬ್ಬರ್) ಯಾವುದು ಅಂತ ಕೇಳಿ ತರಿಸಿ. ಸಾಮಾನ್ಯ ಗ್ರಿಪ್ಪರ್‌ಗೆ ಕ್ಯಾಟಲಾಗಿನಲ್ಲಿ 60 ಡಿಗ್ರಿ ಆಸುಪಾಸೇ ಮಿತಿ. ಅದಕ್ಕಿಂತ ಮೇಲಾದರೆ ಬಿಸಿ ತಡೆಯುವ ವೈಟಾನ್ ರಬ್ಬರಿನ ಸೀಲ್ ಇರುವುದು ಬೇಕು.

ಕರೆಂಟ್ ಹೋದರೆ? ನಮ್ಮ ಕಡೆ ಈ ಪ್ರಶ್ನೆ ಬಿಡುವ ಹಾಗೇ ಇಲ್ಲ. ಗ್ರಿಪ್ಪರ್‌ಗೆ ಗಾಳಿ ಬಿಡುವ ವಾಲ್ವ್‌ಗೆ ಕರೆಂಟಿನ ಕಾಯಿಲ್ ಒಂದೇ ಇದ್ದರೆ, ಕರೆಂಟ್ ಹೋದ ತಕ್ಷಣ ಸ್ಪ್ರಿಂಗ್ ಅದನ್ನು ವಾಪಸ್ ತಳ್ಳುತ್ತದೆ. ಪೈಪ್ ಜೋಡಣೆ ಉಲ್ಟಾ ಇದ್ದರೆ ಮಾಲು ಧೊಪ್ಪನೆ ಕೆಳಗೆ. ಹಾಗಾಗಿ ಎರಡು ಕಾಯಿಲ್ ಇರುವ 5/2 (ಐದು ದಾರಿ, ಎರಡು ಸ್ಥಿತಿ) ವಾಲ್ವ್ ಹಾಕುತ್ತೇನೆ. ಅದು ಇದ್ದ ಜಾಗದಲ್ಲೇ ನಿಲ್ಲುತ್ತದೆ. ಆದರೆ ಗಾಳಿಯೇ ಹೋದರೆ ಅದರಿಂದ ಉಪಯೋಗವಿಲ್ಲ. ಅದಕ್ಕೆ ಸ್ಪ್ರಿಂಗ್‌ನಿಂದ ಮುಚ್ಚಿಕೊಳ್ಳುವ ಗ್ರಿಪ್ಪರ್ ಬೇಕು, ಇಲ್ಲವೇ ಗ್ರಿಪ್ಪರ್‌ಗೆ ಅಂಟಿಕೊಂಡಂತೆ, ಒಳಗಿನ ಗಾಳಿ ವಾಪಸ್ ಹೋಗದಂತೆ ತಡೆಯುವ ಚೆಕ್ ವಾಲ್ವ್. ಪ್ರೆಶರ್ ಗೇಜನ್ನೂ ಗ್ರಿಪ್ಪರ್ ಪಕ್ಕದಲ್ಲೇ ಹಾಕಿ, ಎಲ್ಲ ಮಷಿನ್ ಓಡುವಾಗ ನೋಡುತ್ತೇನೆ. ಕಂಪ್ರೆಸರ್ ಹತ್ತಿರ 6 ಬಾರ್ ಇದ್ದು ಲೈನಿನ ತುದಿಗೆ 5 ಬಂದರೆ, ಹಿಡಿತದಲ್ಲಿ ಆರರಲ್ಲಿ ಒಂದು ಪಾಲು ಹೋಯಿತು.

ಗಂಗಾವತಿಯ ಮಿಲ್ಲುಗಳಲ್ಲಿ ಲೆಕ್ಕವೇ ಬೇರೆ. 25 ಕೆಜಿ ಅಕ್ಕಿ ಚೀಲ ನೇಯ್ದ ಪ್ಲಾಸ್ಟಿಕ್, ಅದರೊಳಗೆ ಗಾಳಿ ಹಾಯುತ್ತದೆ. "ವ್ಯಾಕ್ಯೂಮ್ ಹಾಕ್ರಿ" ಅಂತಾರೆ, ಆದರೆ ಗಾಳಿ ಹೀರಿ ಹಿಡಿಯುವ ಸಾಮಾನ್ಯ ರಬ್ಬರ್ ಕಪ್ ಆ ಚೀಲವನ್ನು ಹಿಡಿಯುವುದಿಲ್ಲ. ರೋಲರ್ ಕನ್ವೇಯರ್‌ನ ಸಂದಿಯಿಂದ ಕಬ್ಬಿಣದ ಬೆರಳುಗಳು ಚೀಲದ ಕೆಳಗೆ ತೂರಿ ಬಾಚಿ ಎತ್ತುವ ಗ್ರಿಪ್ಪರ್ ಇಲ್ಲಿ ಸರಿ. 1 ಕೆಜಿಯ ನುಣುಪು ಪ್ಯಾಕೆಟ್‌ಗೆ ಮಾತ್ರ ಕಪ್ ಸಾಕು. 40 ಮಿಮೀ ಕಪ್, 0.6 ಬಾರ್ ಹೀರಿಕೆ ಅಂದರೆ ಲೆಕ್ಕದ ಪ್ರಕಾರ 75 ನ್ಯೂಟನ್. ಅರ್ಧ ಹಿಡಿದರೂ ಧಾರಾಳ. ಪ್ಯಾಕೆಟ್ ಮೈ ಏರುಪೇರಾಗಿರುವುದರಿಂದ ಮಡಿಕೆ ಇರುವ ಕಪ್ ತಗೊಳ್ಳಿ. ಕಪ್‌ನಿಂದ ಗಾಳಿ ಹೀರುವ ಎಜೆಕ್ಟರ್ ಮುಂದೆ ಫಿಲ್ಟರ್ ಇರಲೇಬೇಕು, ಇಲ್ಲದಿದ್ದರೆ ತವುಡಿನ ಪುಡಿ ಎಜೆಕ್ಟರನ್ನು ಬೇಗ ಕಟ್ಟಿಸುತ್ತದೆ.

ಜೀನ್ಸ್ ಬಟ್ಟೆಗೂ ಕಪ್ ಬೇಡ. ಸೂಜಿ ಗ್ರಿಪ್ಪರ್ ಇದೆ. ಸೂಜಿಗಳು ಎದುರುಬದುರು ಓರೆಯಾಗಿ ಚುಚ್ಚಿ ಎತ್ತುತ್ತವೆ. ಆಳ ಸರಿಯಾಗಿ ಕಟ್ಟಿದರೆ ಮೇಲಿನ ಒಂದೇ ಪದರ ಬರುತ್ತದೆ.

ಯಾವ ಜಾ ಗ್ರಿಪ್ಪರ್ ಆದರೂ, ಒಳಗಿನ ಪಿಸ್ಟನ್ ಎಲ್ಲಿದೆ ಅಂತ ತಿಳಿಸುವ ರೀಡ್ ಸ್ವಿಚ್‌ನ ದುಡ್ಡು ಉಳಿಸಲು ಹೋಗಬೇಡಿ. ಒಂದನ್ನು ಜಾ ತೆರೆದ ಜಾಗಕ್ಕೆ, ಇನ್ನೊಂದನ್ನು ಮಾಲು ಹಿಡಿದಾಗ ಪಿಸ್ಟನ್ ನಿಲ್ಲುವ ಜಾಗಕ್ಕೆ ಕಟ್ಟುತ್ತೇನೆ. ಮಾಲು ಸಿಗದಿದ್ದರೆ ಜಾ ಪೂರ್ತಿ ಮುಚ್ಚಿ ಪಿಸ್ಟನ್ ಮುಂದೆ ಹೋಗುತ್ತದೆ, ಎರಡನೇ ಸ್ವಿಚ್ ಆರುತ್ತದೆ. ಮಷಿನ್ ನಡೆಸುವ ಕಂಟ್ರೋಲರ್, ಅಂದರೆ ಪಿಎಲ್‌ಸಿ, ತೋಳನ್ನು ಅಲ್ಲೇ ನಿಲ್ಲಿಸುತ್ತದೆ.