ಹಲ್ಲು ಕೀಳಿಸುವಾಗ ಆಂಟಿಬಯೋಟಿಕ್: ಯಾವಾಗ ಬೇಕು, ಯಾವಾಗ ಬೇಡ

ಹಲ್ಲು ನೋವು ಅಂದ ಕೂಡಲೇ ಮೆಡಿಕಲ್ ಶಾಪಿಗೆ ಹೋಗಿ ಅಮಾಕ್ಸಿಸಿಲಿನ್ ಅನ್ನುವ ಆಂಟಿಬಯೋಟಿಕ್ ನಾಲ್ಕು ತಂದು ನುಂಗುವವರು ಜಾಸ್ತಿ. ದಯವಿಟ್ಟು ಹಾಗೆ ಮಾಡಬೇಡಿ. ಹುಳುಕು ಹಲ್ಲಿನ ಒಳಗೆ ನರ ಊದಿಕೊಂಡು ಜುಮ್ಮೆನ್ನುತ್ತಿದ್ದರೆ ಈ ಮಾತ್ರೆಯಿಂದ ನೋವು ಕಡಿಮೆಯಾಗುವುದಿಲ್ಲ. ಕೀವು ತುಂಬಿದ್ದರೆ ಮಾತ್ರೆಯೊಂದೇ ಸಾಲದು. ಕೀವಿನೊಳಗೆ ರಕ್ತ ಓಡಾಡುವುದಿಲ್ಲ ಅಲ್ವಾ, ಔಷಧಿ ಅಲ್ಲಿಗೆ ಸರಿಯಾಗಿ ತಲುಪುವುದಿಲ್ಲ, ಡಾಕ್ಟರು ಅದನ್ನು ಹೊರಗೆ ತೆಗೆಯಲೇಬೇಕು.

ಮನುಷ್ಯರ ಬಾಯಲ್ಲಿ ಸುಮಾರು 700 ಬಗೆಯ ಬ್ಯಾಕ್ಟೀರಿಯಾ ಸಿಕ್ಕಿವೆ. ಹಲ್ಲು ಕಿತ್ತಾಗ ಅವುಗಳಲ್ಲಿ ಕೆಲವು ರಕ್ತಕ್ಕೆ ಇಳಿಯುತ್ತವೆ. ಆರೋಗ್ಯವಾಗಿರುವವರ ದೇಹ ಸ್ವಲ್ಪ ಹೊತ್ತಿನಲ್ಲೇ ಅವನ್ನು ತೆಗೆದುಹಾಕುತ್ತದೆ. ಆದರೆ ಹೃದಯದಲ್ಲಿ ಕೃತಕ ಕವಾಟ ಇದ್ದರೆ, ಹಿಂದೆ ಕವಾಟಕ್ಕೆ ಸೋಂಕು ತಗುಲಿದ್ದರೆ, ಅಥವಾ ಹುಟ್ಟಿನಿಂದ ಬಂದ ಕೆಲವು ಹೃದಯದ ತೊಂದರೆಗಳಿದ್ದರೆ ಆ ಬ್ಯಾಕ್ಟೀರಿಯಾ ಹೃದಯದಲ್ಲೇ ಬೇರೂರಬಹುದು. ಅಂಥವರು ಮೊದಲೇ ಹೇಳಿಬಿಡಿ. ಸಾಮಾನ್ಯವಾಗಿ ದೊಡ್ಡವರಿಗೆ 2 ಗ್ರಾಂ ಅಮಾಕ್ಸಿಸಿಲಿನ್, ಅಂದರೆ 500 ಮಿಲಿಗ್ರಾಂನ ನಾಲ್ಕು ಕ್ಯಾಪ್ಸೂಲ್, ಕೀಳುವುದಕ್ಕೆ 30ರಿಂದ 60 ನಿಮಿಷ ಮುಂಚೆ ಒಂದೇ ಸಲ ಕೊಡುತ್ತಾರೆ. ಅಮಾಕ್ಸಿಸಿಲಿನ್ ಪೆನಿಸಿಲಿನ್ ಗುಂಪಿನದೇ, ಹಾಗಾಗಿ ಪೆನಿಸಿಲಿನ್ ಅಲರ್ಜಿ ಇದ್ದರೆ ಅದನ್ನೂ ಹೇಳಿ, ಬೇರೆ ಔಷಧಿ ಇದೆ. ಸಕ್ಕರೆ ಕಾಯಿಲೆ ಇರುವವರು ಈಚಿನ ರಿಪೋರ್ಟ್ ತೆಗೆದುಕೊಂಡು ಹೋಗಿ.

ಉಳಿದವರಿಗೆ ಸುಲಭವಾಗಿ ಬರುವ ಹಲ್ಲು ಕೀಳಲು ಸಾಮಾನ್ಯವಾಗಿ ಆಂಟಿಬಯೋಟಿಕ್ ಬೇಕಿಲ್ಲ. ಮೂಳೆ ಕೊರೆದು ತೆಗೆಯುವ ಬುದ್ಧಿಹಲ್ಲಾದರೆ ಡಾಕ್ಟರು ನೋಡಿ ತೀರ್ಮಾನಿಸುತ್ತಾರೆ. ಬರೆದುಕೊಟ್ಟರೆ ಯಾಕೆ, ಎಷ್ಟು ದಿನ ಅಂತ ಕೇಳಿ. ಕೇಳುವುದರಲ್ಲಿ ತಪ್ಪೇನಿಲ್ಲ. ಬರೆದುಕೊಟ್ಟದ್ದರಲ್ಲಿ ಮೆಟ್ರೊನಿಡಜೋಲ್ ಅನ್ನುವ ಆಂಟಿಬಯೋಟಿಕ್ ಇದ್ದರೆ ಮದ್ಯ ಮುಟ್ಟಬೇಡಿ. ಹಳೇ ಸ್ಟ್ರಿಪ್ಪಿನಲ್ಲಿ ಉಳಿದ ಮಾತ್ರೆಯನ್ನು ಮನೆಯಲ್ಲಿ ಇನ್ನೊಬ್ಬರಿಗೆ ಕೊಡಲೇಬೇಡಿ, ಹೀಗೆ ಸುಮ್ನೆ ನುಂಗಿ ನುಂಗಿಯೇ ಬ್ಯಾಕ್ಟೀರಿಯಾ ಔಷಧಿಗೆ ಬಗ್ಗದಂತಾಗುವುದು.

ಕಿತ್ತ ಮೇಲೆ ಹತ್ತಿಯನ್ನು ಅರ್ಧ ಗಂಟೆಯಾದರೂ ಗಟ್ಟಿಯಾಗಿ ಕಚ್ಚಿ ಹಿಡಿಯಿರಿ. ಮೊದಲ ದಿನ ಉಗುಳುವುದು, ಸ್ಟ್ರಾ ಹಾಕಿ ಕುಡಿಯುವುದು ಬೇಡ. ಬೀಡಿ, ಸಿಗರೇಟು, ಗುಟ್ಕಾ ಅಂತೂ ಗಾಯ ಮಾಯುವವರೆಗೂ ಬೇಡವೇ ಬೇಡ. ಗುಳಿಯಲ್ಲಿ ಹೆಪ್ಪುಗಟ್ಟಿದ ರಕ್ತವೇ ಗಾಯಕ್ಕೆ ಮುಚ್ಚಳ, ಅದು ಕಿತ್ತುಬಂದರೆ ಎರಡು ಮೂರು ದಿನಕ್ಕೆ ಕಿವಿಯವರೆಗೂ ಎಳೆಯುವ ನೋವು ಶುರುವಾಗುತ್ತದೆ, ಕನ್ನಡಿಯಲ್ಲಿ ನೋಡಿದರೆ ಗುಳಿ ಖಾಲಿ ಇರುತ್ತದೆ. ಇದಕ್ಕೂ ಆಂಟಿಬಯೋಟಿಕ್ ಮದ್ದಲ್ಲ, ಡಾಕ್ಟರು ಗುಳಿ ತೊಳೆದು ಔಷಧಿ ಇಟ್ಟರೆ ನೋವು ಇಳಿಯುತ್ತದೆ. 24 ಗಂಟೆ ಕಳೆದ ಮೇಲೆ ಬೆಚ್ಚಗಿನ ಉಪ್ಪುನೀರಿನಲ್ಲಿ ಮೆಲ್ಲಗೆ ಬಾಯಿ ತೊಳೆಯಿರಿ. ಉಳಿದ ಹಲ್ಲುಗಳನ್ನು ಎಂದಿನಂತೆ ಉಜ್ಜಿ.

ಜ್ವರ ಬಂದು, ಬಾಯಿ ತೆರೆಯಲಾಗದೆ, ಊತ ದವಡೆಯ ಕೆಳಗಿಂದ ಕುತ್ತಿಗೆಗೆ ಇಳಿಯುತ್ತಿದ್ದರೆ, ಎಂಜಲು ನುಂಗಲು ಅಥವಾ ಉಸಿರಾಡಲು ಕಷ್ಟವಾಗುತ್ತಿದ್ದರೆ, ಬೆಳಗಾಗಲಿ ಅಂತ ಕಾಯಬೇಡಿ. ರಾತ್ರಿಯೇ ದೊಡ್ಡ ಆಸ್ಪತ್ರೆಗೆ ಹೋಗಿ.